ಮೋಟರ್ ಕೊನೆಗೆ: ರೇಸಿಗೆ ಎಲೆಕ್ಟ್ರಿಕ್ ಕ್ಯಾಟಮರಾನ್ ಕಟ್ಟುವ ಬಗೆ

ರಿಮೋಟ್ ದೋಣಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಮೋಟರ್ ಹಾಕಬೇಕು ಎಂದು. ರೇಸಿನ ಕ್ಯಾಟಮರಾನಿನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ತಳ ಡೊಂಕಾಗಿದ್ದು, ತೂಕ ತಪ್ಪು ಜಾಗದಲ್ಲಿ ಕೂತಿದ್ದರೆ ದೊಡ್ಡ ಮೋಟರಿನಿಂದ ಆಗುವ ಲಾಭ ಒಂದೂ ಇಲ್ಲ. ದೋಣಿ ಇನ್ನಷ್ಟು ಬೇಗ ಮಗುಚುತ್ತದೆ. ಸಾಧಾರಣ ಮೋಟರಿದ್ದರೂ ತಳ ತಿದ್ದಿ, ಸಮತೋಲ ಕೂಡಿಸಿ, ಪ್ರೊಪೆಲರನ್ನು ಸರಿಯಾದ ಎತ್ತರಕ್ಕೆ ಕೂರಿಸಿದ ದೋಣಿ ಎಲ್ಲ ಸುತ್ತುಗಳನ್ನೂ ಮುಗಿಸುತ್ತದೆ. ಅಂಕ ಸಿಗುವುದು ಮುಗಿಸಿದ ದೋಣಿಗೆ. ಈ ಲೇಖನವನ್ನು ಆ ಕ್ರಮದಲ್ಲೇ ಬರೆದಿದ್ದೇನೆ: ಮೊದಲು ಒಡಲು, ಆಮೇಲೆ ತೂಕ, ಆಮೇಲೆ ಪ್ರೊಪೆಲರ್, ಕಡೆಗೆ ಮೋಟರ್.

ಈ ಆಟ ಗಟ್ಟಿಯಾಗಿ ಬೇರೂರಿರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಅಮೆರಿಕದಲ್ಲಿ ನಾಂಬಾ ಮತ್ತು ಐಎಂಪಿಬಿಎ ಎಂಬ ಎರಡು ಸಂಘಟನೆಗಳು ನಿಯಮ ರೂಪಿಸುತ್ತವೆ. ಯುರೋಪಿನ ಸ್ಪರ್ಧೆಗಳು ಬಹುಪಾಲು ನವಿಗಾ ನಿಯಮದಂತೆ ನಡೆಯುತ್ತವೆ. ಅಮೆರಿಕದಲ್ಲಿ ಎಲೆಕ್ಟ್ರಿಕ್ ದೋಣಿಗಳನ್ನು ಬ್ಯಾಟರಿಯ ಸೆಲ್ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಅದರಲ್ಲಿ ನಾಲ್ಕು ಲೈಪೊ (ಲಿಥಿಯಂ ಪಾಲಿಮರ್) ಸೆಲ್‌ವರೆಗಿನ, ಅಂದರೆ 4ಎಸ್‌ನ ‘ಪಿ’ ವರ್ಗ ಹೊಸಬರಿಗೂ ಹಳಬರಿಗೂ ಹೊಂದುವಂಥದ್ದು. ಓಟ ನಡೆಯುವುದು ತೇಲುಬುರುಡೆಗಳ ನಡುವಿನ ಅಂಡಾಕಾರದ ಪಥದಲ್ಲಿ, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ. ನಿಂತು ಹೊರಡುವ ಪದ್ಧತಿ ಇಲ್ಲ. ದೋಣಿಗಳು ಓಡುತ್ತಲೇ ಇರುತ್ತವೆ, ಗಡಿಯಾರ ಸೊನ್ನೆಗೆ ಬಂದಾಗ ಆರಂಭದ ಗೆರೆ ದಾಟಬೇಕು, ಮುಂಚೆ ದಾಟಿದವರಿಗೆ ದಂಡ. ಕಾಲು ಮೈಲಿ ಪಥವೆಂದರೆ 330 ಅಡಿಯ ಎರಡು ನೇರ ದಾರಿ ಮತ್ತು 210 ಅಡಿ ವ್ಯಾಸದ ಎರಡು ತಿರುವು. ಸುತ್ತಿನ ಅರ್ಧ ಭಾಗ ತಿರುವಿನಲ್ಲೇ ಕಳೆಯುತ್ತದೆ. ನೇರ ಹಾದಿಯ ವೇಗವೊಂದನ್ನೇ ನೆಚ್ಚಿ ಕಟ್ಟಿದ ದೋಣಿ ಇಲ್ಲಿ ಸೋಲುವುದು ಇದಕ್ಕೇ. ಎಲ್ಲ ತಿರುವೂ ಬಲಕ್ಕೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನಿಲ್ಲಿ ಹೇಳುವುದು ಸುಮಾರು 75 ಸೆಂಟಿಮೀಟರ್ ಉದ್ದದ, ಒಂದೇ ಮೋಟರಿನ, 4ಎಸ್ ಬ್ಯಾಟರಿಯ ಕ್ಯಾಟಮರಾನ್ ಬಗ್ಗೆ. ಎರಡು ಮೋಟರಿನ ದೋಣಿಯಲ್ಲಿ ಪ್ರೊಪೆಲರ್‌ಗಳು ಎದುರು ಬದುರು ತಿರುಗಿ ಒಂದರ ತಿರುಚುಬಲವನ್ನು ಇನ್ನೊಂದು ರದ್ದು ಮಾಡುತ್ತದೆ ನಿಜ. ಆದರೆ ಖರ್ಚು, ತೂಕ, ಕೆಡುವ ಭಾಗ ಎಲ್ಲವೂ ಇಮ್ಮಡಿ. ಮೊದಲ ದೋಣಿಗೆ ಅದು ಬೇಡ.

ಗಾಳಿಯ ಮೇಲೆ ಓಡುವ ದೋಣಿ

ಸ್ಕೇಟರ್, ಎಂಟಿಐ, ಮಿಸ್ಟಿಕ್ ಮುಂತಾದ ಕಂಪನಿಗಳು ಕಟ್ಟುವ ಕಡಲ ರೇಸಿನ ದೊಡ್ಡ ಕ್ಯಾಟಮರಾನುಗಳ ಚಿತ್ರ ನೋಡಿ. ಎರಡು ಕಿರಿದಾದ ಒಡಲು, ನಡುವೆ ಸುರಂಗ. ವೇಗ ಏರಿದಂತೆ ಸುರಂಗದೊಳಗೆ ನುಗ್ಗಿದ ಗಾಳಿ ದೋಣಿಯನ್ನು ಮೇಲೆತ್ತುತ್ತದೆ, ನೀರಿಗೆ ತಾಗುವ ಭಾಗ ಕಡಿಮೆಯಾಗುತ್ತದೆ, ನೀರಿನ ಎಳೆತ ಇಳಿಯುತ್ತದೆ. ಮಾದರಿ ದೋಣಿಯಲ್ಲೂ ಇದೇ ತತ್ತ್ವ. ಚೆನ್ನಾಗಿ ಕೂಡಿಸಿದ ಕ್ಯಾಟಮರಾನ್ ಪೂರ್ತಿ ವೇಗದಲ್ಲಿ ಒಡಲುಗಳ ಹಿಂತುದಿಯ ಕೆಲವೇ ಅಂಗುಲ ಮತ್ತು ಅರ್ಧ ಮುಳುಗಿದ ಪ್ರೊಪೆಲರಿನ ಮೇಲೆ ಓಡುತ್ತದೆ.

ಅಪಾಯವೂ ಅಲ್ಲಿಂದಲೇ. ಗಾಳಿ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೂತಿ ತುಸು ಹೆಚ್ಚು ಎದ್ದರೆ ಗಾಳಿಗೆ ಸಿಗುವ ತಳ ಹೆಚ್ಚುತ್ತದೆ, ಆಗ ಮೂತಿ ಇನ್ನೂ ಏಳುತ್ತದೆ, ಮರುಕ್ಷಣ ದೋಣಿ ಹಿಂದಕ್ಕೆ ಪಲ್ಟಿ. ಇದಕ್ಕೆ ರೇಸಿನವರು ‘ಬ್ಲೋಓವರ್’ ಎನ್ನುತ್ತಾರೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ಜೆಟ್ ದೋಣಿ ಬ್ಲೂಬರ್ಡ್ ಕೆ7 ಗಂಟೆಗೆ 300 ಮೈಲಿಯ ಆಸುಪಾಸಿನಲ್ಲಿ ಹೀಗೆಯೇ ಮೂತಿ ಎತ್ತಿ ಮಗುಚಿತು, ಅವರು ಪ್ರಾಣ ಕಳೆದುಕೊಂಡರು. ನಮ್ಮ ದೋಣಿಯಲ್ಲಿ ಕೂತವರಿಲ್ಲ, ಆದರೆ ಭೌತಶಾಸ್ತ್ರ ಅದೇ. ಒಂಟಿ ಒಡಲಿನ ಎಷ್ಟೋ ಮಾದರಿಗಳು ಮಗುಚಿದರೆ ತಾವೇ ನೆಟ್ಟಗಾಗುತ್ತವೆ. ಅಗಲವಾದ ಕ್ಯಾಟಮರಾನ್ ಹಾಗಾಗದು. ಒಮ್ಮೆ ಮಗುಚಿದರೆ ಆ ಓಟ ಮುಗಿಯಿತು.

ಒಡಲು

ಸಿದ್ಧ ಒಡಲು ಕೊಳ್ಳಬಹುದು, 3 ಮಿ.ಮೀ. ಪ್ಲೈವುಡ್‌ನಲ್ಲಿ ಚೌಕಟ್ಟು ಕಟ್ಟಬಹುದು, ಅಚ್ಚು ಮಾಡಿ ಫೈಬರ್‌ಗ್ಲಾಸ್‌ನಲ್ಲಿ ಎರಕ ತೆಗೆಯಬಹುದು. ಅಚ್ಚಿನ ದಾರಿ ಹಿಡಿಯುವ ಕರ್ನಾಟಕದ ಓದುಗರಿಗೆ ಒಂದು ಅನುಕೂಲವಿದೆ: ಫೈಬರ್ ಕೆಲಸ ಬಲ್ಲ ಕಾರ್ಖಾನೆಗಳು ನಮ್ಮ ಊರುಗಳಿಗೆ ಹೊಸದಲ್ಲ. ಆದರೆ ಅಲ್ಲಿ ಬಳಸುವುದು ಹೆಚ್ಚಾಗಿ ಪಾಲಿಯೆಸ್ಟರ್ ರೆಸಿನ್ ಮತ್ತು ಕತ್ತರಿಸಿದ ಎಳೆಗಳ ಮ್ಯಾಟ್. ಅದು ಗಟ್ಟಿ, ಆದರೆ ತೂಕ. ರೇಸಿನ ಒಡಲಿಗೆ ನೇಯ್ದ ಗಾಜಿನ ಬಟ್ಟೆ ಮತ್ತು ಎಪಾಕ್ಸಿಯನ್ನೇ ಕೇಳಿ ಪಡೆಯಿರಿ. ಮೋಟರ್ ಕೂರುವ ಜಾಗ, ಹಿಂಬದಿಯ ಗೋಡೆ ಮತ್ತು ಸುರಂಗದ ಮೂಲೆಗಳಿಗೆ ಒಂದು ಪದರ ಕಾರ್ಬನ್ ಬಟ್ಟೆ ಸಾಕು. ಥರ್ಮಕೋಲ್ ಅಚ್ಚಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿಯಲೇಬೇಡಿ, ಅದರಲ್ಲಿರುವ ಸ್ಟೈರೀನ್ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಗೆ ಆ ತೊಂದರೆಯಿಲ್ಲ. ಉಜ್ಜುವಾಗ ಏಳುವ ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮುಖಗವಸು ಹಾಕಿ, ನೀರು ಹಚ್ಚಿ ಉಜ್ಜಿ.

ಈಗ ಬಂತು ನಿಜವಾದ ಕೆಲಸ. ಒಡಲನ್ನು ಎಲ್ಲಿಂದ ತಂದರೂ, ಎಷ್ಟೇ ದುಡ್ಡು ಕೊಟ್ಟಿದ್ದರೂ, ತಳ ತಿದ್ದದೆ ನೀರಿಗಿಳಿಸಬೇಡಿ. ದೋಣಿಯನ್ನು ಬೋರಲು ಹಾಕಿ, ಪ್ರತಿ ಒಡಲಿನ ಹಿಂತುದಿಯ ಕೊನೆಯ 15–20 ಸೆಂಟಿಮೀಟರ್ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ. ನೀರು ಹಿಂಬದಿಯನ್ನು ಎತ್ತಿ ಮೂತಿಯನ್ನು ಒತ್ತುತ್ತದೆ, ದೋಣಿ ನೀರಿಗೆ ಅಂಟಿಕೊಂಡಂತೆ ಓಡುತ್ತದೆ. ಎರಡು ತುದಿಗಳಲ್ಲಿ ಬೆಳಕು ಕಂಡರೆ ತಳ ಹೊರಕ್ಕೆ ಉಬ್ಬಿದೆ. ಓಡುವಾಗ ಮೂತಿ ಕುಣಿಯುತ್ತದೆ. ಎರಡೂ ಬೇಡ. ತಗ್ಗಿಗೆ ಎಪಾಕ್ಸಿ ಫಿಲ್ಲರ್ ತುಂಬಿ, ಉಬ್ಬನ್ನು ಉಜ್ಜಿ ಇಳಿಸಿ. ಸ್ಯಾಂಡ್ ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಮತ್ತೆ ಅಲೆ ಏಳುತ್ತದೆ. ಉದ್ದನೆಯ ನೇರ ಮರದ ತುಂಡಿಗೆ ಅಂಟಿಸಿಕೊಂಡೇ ಉಜ್ಜಬೇಕು.

ಆಮೇಲೆ ಅಂಚುಗಳು. ಅಚ್ಚಿನಿಂದ ಬಂದ ಒಡಲಿನ ಅಂಚು ಸಾಮಾನ್ಯವಾಗಿ ದುಂಡಗಿರುತ್ತದೆ. ನೀರು ದುಂಡು ಅಂಚನ್ನು ಬಿಟ್ಟು ಹೋಗುವುದಿಲ್ಲ, ಅದನ್ನೇ ತಬ್ಬಿಕೊಂಡು ಮೇಲಕ್ಕೆ ಸುತ್ತುತ್ತದೆ, ಒಡಲನ್ನು ಕೆಳಕ್ಕೆ ಎಳೆಯುತ್ತದೆ. ಹಿಂಬದಿಯ ಅಂಚೂ ತಳದ ಪಕ್ಕದ ಅಂಚೂ ಚೂಪಾಗಿದ್ದರೆ ನೀರು ಅಲ್ಲೇ ಕಳಚಿಕೊಳ್ಳುತ್ತದೆ. ಅಂಚಿನ ಗುಂಟ ಟೇಪ್ ಕಟ್ಟಿ ಅಣೆಕಟ್ಟಿನಂತೆ ಮಾಡಿ, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮೂಲೆ ಬರುವಂತೆ ಉಜ್ಜಿ. ಕೊನೆಗೆ 400 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿದರೆ ಸಾಕು. ಕನ್ನಡಿಯ ಹೊಳಪು ತಳಕ್ಕೆ ಬೇಕಿಲ್ಲ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಸಮನಾದ ವೇಗವನ್ನು ಅಂಗಡಿಯಲ್ಲಿ ಕೊಳ್ಳಲಾಗದು ಎಂದು ನಾನು ಖಚಿತವಾಗಿ ಹೇಳಬಲ್ಲೆ.

ತೂಕ ಎಲ್ಲಿ ಕೂರಬೇಕು

ಚುಕ್ಕಾಣಿ, ಪ್ರೊಪೆಲರಿನ ಶಾಫ್ಟನ್ನು ಹಿಂದೆ ಹಿಡಿದಿಡುವ ಸ್ಟ್ರಟ್ ಮುಂತಾದ ಹೊರಭಾಗಗಳನ್ನು ಬಿಟ್ಟು ಒಡಲಿನ ಉದ್ದ ಅಳೆಯಿರಿ. ಹಿಂಬದಿಯ ಗೋಡೆಯಿಂದ ಆ ಉದ್ದದ ಸುಮಾರು ಶೇಕಡ 30ರಷ್ಟು ಮುಂದೆ ಗುರುತ್ವ ಕೇಂದ್ರ ಬರಬೇಕು. 75 ಸೆಂಟಿಮೀಟರ್ ದೋಣಿಗೆ ಅದು ಹಿಂದಿನಿಂದ 22–23 ಸೆಂಟಿಮೀಟರ್. ಎರಡು ಬೆರಳುಗಳ ಮೇಲೆ ಇಡೀ ದೋಣಿಯನ್ನು, ಬ್ಯಾಟರಿ ಸಮೇತ, ತೂಗಿ ನೋಡಬೇಕು. ಕೇಂದ್ರ ಹಿಂದಕ್ಕೆ ಸರಿದರೆ ವೇಗ ಬರುತ್ತದೆ, ಜೊತೆಗೆ ಬ್ಲೋಓವರ್ ಕೂಡ. ಮುಂದಕ್ಕೆ ಸರಿದರೆ ದೋಣಿ ಸುರಕ್ಷಿತ, ಆದರೆ ನೀರು ಕೊಚ್ಚುತ್ತಾ ಓಡುತ್ತದೆ, ತಿರುವಿನಲ್ಲಿ ಮೂತಿ ಕಚ್ಚಿಕೊಳ್ಳುತ್ತದೆ. ಮೊದಲ ಓಟಕ್ಕೆ ಮುಂದಿಟ್ಟುಕೊಳ್ಳುವುದು ಜಾಣತನ.

ಇದನ್ನು ಬದಲಿಸಲು ಬರುವಂತೆ ಕಟ್ಟುವುದು ಮುಖ್ಯ. ಹೆಚ್ಚು ತೂಗುವುದು ಬ್ಯಾಟರಿ. 4ಎಸ್‌ನ ಒಂದೇ ಪ್ಯಾಕಿನ ಬದಲು 2ಎಸ್‌ನ ಎರಡು ಪ್ಯಾಕ್ ತಂದು ಒಂದೊಂದು ಒಡಲಿನಲ್ಲಿ ಒಂದೊಂದನ್ನು ಇಟ್ಟು ಸರಣಿಯಲ್ಲಿ ಜೋಡಿಸಿ. ಉದ್ದಕ್ಕೂ ವೆಲ್ಕ್ರೊ ಪಟ್ಟಿ ಅಂಟಿಸಿದ್ದರೆ ಪ್ಯಾಕನ್ನು ಹಿಂದೆ ಮುಂದೆ ಸರಿಸಬಹುದು. ಒಂಟಿ ಪ್ರೊಪೆಲರಿನ ತಿರುಚುಬಲವನ್ನೂ ಇದರಿಂದಲೇ ಸರಿದೂಗಿಸಬಹುದು. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ದಿಕ್ಕಿಗೆ ತಿರುಗಿದರೆ ದೋಣಿ ಎಡಕ್ಕೆ ಒರಗಲು ನೋಡುತ್ತದೆ, ಎಡ ಒಡಲು ಒತ್ತಿಕೊಳ್ಳುತ್ತದೆ. ಸ್ವಲ್ಪ ತೂಕ ಬಲಕ್ಕೆ ಸರಿಸಿದರೆ ಎರಡೂ ಒಡಲು ಸಮನಾಗಿ ಓಡುತ್ತವೆ.

ಹಿಂಬದಿಯ ಯಂತ್ರಾಂಗ

ಮೋಟರಿನಿಂದ ಪ್ರೊಪೆಲರಿಗೆ ಶಕ್ತಿ ಒಯ್ಯುವುದು ಉಕ್ಕಿನ ತಂತಿ ಹೆಣೆದು ಮಾಡಿದ ಬಾಗುವ ಫ್ಲೆಕ್ಸ್ ಶಾಫ್ಟ್. ಈ ಗಾತ್ರದ ದೋಣಿಗೆ 4.76 ಮಿ.ಮೀ.ನದು, ಅಂದರೆ ಇಂಚಿನ ಹದಿನಾರರಲ್ಲಿ ಮೂರು ಭಾಗದ್ದು, ಸಾಮಾನ್ಯ. ಅದು ಹಿತ್ತಾಳೆ ಕೊಳವೆಯೊಳಗೆ, ಟೆಫ್ಲಾನ್ ಒಳಪದರದಲ್ಲಿ, ಗ್ರೀಸಿನಲ್ಲಿ ತಿರುಗುತ್ತದೆ. ಕೊಳವೆಯ ಬಾಗು ನಿಧಾನವಾಗಿರಲಿ. ಚುರುಕು ಬಾಗಿದ್ದರೆ ಶಕ್ತಿ ಶಾಖವಾಗಿ ಹೋಗುತ್ತದೆ. ಹೊರೆ ಬಿದ್ದಾಗ ಈ ಶಾಫ್ಟ್ ಬಿಗಿದುಕೊಂಡು ತುಸು ಗಿಡ್ಡವಾಗುತ್ತದೆ. ಹೀಗಾಗಿ ಪ್ರೊಪೆಲರಿನ ಹಿಡಿಕೆಗೂ ಸ್ಟ್ರಟ್‌ಗೂ ನಡುವೆ 3–4 ಮಿ.ಮೀ. ಬಿಡಬೇಕು. ಬಿಡದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಬೇರಿಂಗ್ ಸುಡುತ್ತದೆ. ಪ್ರತಿ ದಿನದ ಓಟ ಮುಗಿದ ಮೇಲೆ ಶಾಫ್ಟ್ ಹೊರತೆಗೆದು, ಒರೆಸಿ, ಮತ್ತೆ ಗ್ರೀಸ್ ಹಚ್ಚಿ. ಉಪ್ಪುನೀರಿನಲ್ಲಿ ಓಡಿಸಿದರೆ ಅಂದೇ ಇದಾಗಬೇಕು.

ಸ್ಟ್ರಟ್ ಎತ್ತರ ಹೊಂದಿಸಲು ನಮ್ಮ ಮನೆಗಳಲ್ಲೇ ಒಂದು ಒಳ್ಳೆಯ ಸಾಧನವಿದೆ, ಅಡುಗೆಮನೆಯ ಗ್ರಾನೈಟ್ ಕಟ್ಟೆ. ಅದರ ಮೇಲೆ ದೋಣಿಯನ್ನು ಕೂರಿಸಿದರೆ ಎರಡೂ ಒಡಲಿನ ತಳ ಒಂದೇ ಮಟ್ಟಕ್ಕೆ ಬರುತ್ತದೆ. ಶಾಫ್ಟಿನ ನಡುಗೆರೆಯನ್ನು ತಳದ ಮಟ್ಟಕ್ಕೇ ಹೊಂದಿಸಿ, ಕೋನ ಸೊನ್ನೆ ಇಟ್ಟು ಆರಂಭಿಸಿ. ಕಟ್ಟೆಯ ಅಂಚಿನಾಚೆಗೆ ಸ್ಟ್ರಟ್ ಚಾಚಿರುವಂತೆ ಇಟ್ಟುಕೊಂಡರೆ ಅಳೆಯುವುದು ಸುಲಭ. ಮುಂದೆ ನೀರಿನಲ್ಲಿ ನೋಡಿಕೊಂಡು ಒಂದೊಂದೇ ಮಿಲಿಮೀಟರ್ ಏರಿಸುತ್ತ ಹೋಗಬೇಕು. ಏರಿಸಿದಷ್ಟೂ ಪ್ರೊಪೆಲರ್ ಹೆಚ್ಚು ಹೊರಬಂದು ಎಳೆತ ಇಳಿಯುತ್ತದೆ. ಅತಿಯಾದರೆ ಹಿಡಿತ ತಪ್ಪಿ ಬರೀ ನೊರೆ ಎಬ್ಬಿಸುತ್ತದೆ. ಸ್ಟ್ರಟ್‌ನ ಹಿಂತುದಿ ಕೆಳಮುಖವಾದರೆ ದೋಣಿಯ ಹಿಂಬದಿ ಎದ್ದು ಮೂತಿ ಒತ್ತುತ್ತದೆ. ಮೇಲ್ಮುಖವಾದರೆ ಮೂತಿ ಏಳುತ್ತದೆ. ಅರ್ಧ ಡಿಗ್ರಿಯೂ ಇಲ್ಲಿ ಗೊತ್ತಾಗುತ್ತದೆ.

ತಿರುವು ಬಲಕ್ಕೇ ಆಗಿರುವುದರಿಂದ ಬಲ ಒಡಲಿಗೆ ಟರ್ನ್ ಫಿನ್ ಬೇಕೇಬೇಕು. ನೀರಿಗೆ ಇಳಿದ ಈ ಲೋಹದ ಹಲಗೆ ಇಲ್ಲದಿದ್ದರೆ ದೋಣಿ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಎಡಕ್ಕೂ ಒಂದು ಹಾಕುವವರಿದ್ದಾರೆ, ಅಭ್ಯಾಸದ ಓಟಕ್ಕೆ ಅದು ಒಳ್ಳೆಯದು. ಫಿನ್ ದೋಣಿಯ ನಡುಗೆರೆಗೆ ಕಟ್ಟುನಿಟ್ಟಾಗಿ ಸಮಾಂತರವಾಗಿರಲಿ. ಚುಕ್ಕಾಣಿಯನ್ನು ಪ್ಲಾಸ್ಟಿಕ್ ತಿರುಪಿನಲ್ಲಿ ಕೂರಿಸಿ. ನೀರಿನೊಳಗೆ ಕೊರಡು ಬಡಿದಾಗ ತಿರುಪು ಮುರಿದು ಚುಕ್ಕಾಣಿ ಹಿಂದಕ್ಕೆ ಮಡಿಯುತ್ತದೆ, ಹಿಂಬದಿಯ ಗೋಡೆ ಉಳಿಯುತ್ತದೆ.

ಪ್ರೊಪೆಲರಿನ ಲೆಕ್ಕ

ರೇಸಿನ ಪ್ರೊಪೆಲರುಗಳಲ್ಲಿ ಆಕ್ಟುರಾ ಕಂಪನಿಯ ಹೆಸರು ಹಳೆಯದು. ಅದರ ಎಕ್ಸ್‌442 ಎಂದರೆ ವ್ಯಾಸ 42 ಮಿ.ಮೀ., ಪಿಚ್ ವ್ಯಾಸದ 1.4 ಪಟ್ಟು. ಅಂದರೆ ಒಂದು ಸುತ್ತಿಗೆ, ಜಾರದಿದ್ದರೆ, 58.8 ಮಿ.ಮೀ. ಮುಂದಕ್ಕೆ. ಈಗ ಮೋಟರಿನ ಕೆವಿ ತೆಗೆದುಕೊಳ್ಳಿ. ಅದು ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ. 2000 ಕೆವಿ ಮೋಟರಿಗೆ 4ಎಸ್‌ನ 14.8 ವೋಲ್ಟ್ ಕೊಟ್ಟರೆ 29,600 ಸುತ್ತು. ಕಾಗದದ ಮೇಲೆ ಇದು ಗಂಟೆಗೆ ಸುಮಾರು 104 ಕಿ.ಮೀ. ಆದರೆ ಹೊರೆಯಲ್ಲಿ ಬ್ಯಾಟರಿ ವೋಲ್ಟೇಜ್ ಇಳಿಯುತ್ತದೆ, ಮೋಟರ್ ನಿಧಾನವಾಗುತ್ತದೆ, ಪ್ರೊಪೆಲರ್ ಜಾರುತ್ತದೆ. ಕೈಗೆ ಬರುವುದು 70–75ರ ಆಸುಪಾಸು. ಓವಲ್ ಓಟಕ್ಕೆ ಅದು ಬೇಕಾದಷ್ಟಾಯಿತು.

ಇಲ್ಲೇ ಹೊಸಬರು ದುಡ್ಡು ಸುಡುವುದು. ದೊಡ್ಡ ಪ್ರೊಪೆಲರ್ ಹಾಕಿದರೆ ವೇಗ ಬರುತ್ತದಲ್ಲ ಎಂದು 42ರ ಬದಲು 45 ಹಾಕುತ್ತಾರೆ. ಬರೀ 3 ಮಿ.ಮೀ. ತಾನೆ! ಆದರೆ ಅದೇ ಸುತ್ತುವೇಗದಲ್ಲಿ ಪ್ರೊಪೆಲರ್ ಕೇಳುವ ಶಕ್ತಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ ಶೇಕಡ 40ರಷ್ಟು ಹೆಚ್ಚು ಹೊರೆ. 80 ಆಂಪಿಯರ್ ಎಳೆಯುತ್ತಿದ್ದ ದೋಣಿ 110ರ ಮೇಲೆ ಎಳೆಯುತ್ತದೆ, ಸ್ಪೀಡ್ ಕಂಟ್ರೋಲರ್ ಹೊಗೆಯಾಗುತ್ತದೆ. ಚಿಕ್ಕ ಪ್ರೊಪೆಲರಿನಿಂದ ಶುರು ಮಾಡಿ, ಪ್ರತಿ ಸಲ ಮೋಟರಿನ ಬಿಸಿ ನೋಡಿಕೊಂಡು ಒಂದೊಂದೇ ಮೆಟ್ಟಿಲು ಏರಿ.

ಲೋಹದ ಪ್ರೊಪೆಲರುಗಳು ಚೂಪು ಮಾಡದೆ, ತೂಕ ಸಮ ಮಾಡದೆ ಬರುತ್ತವೆ. ಭಾರದ ಎಲೆಯ ಬೆನ್ನನ್ನು ಅರೆದು ಎರಡೂ ಎಲೆ ಸಮನಾಗುವಂತೆ ಮಾಡಿ, ನೀರು ಸೀಳುವ ಅಂಚನ್ನು ಚೂಪು ಮಾಡಬೇಕು. ಎಚ್ಚರಿಕೆ: ಇವುಗಳಲ್ಲಿ ಹಲವು ಬೆರಿಲಿಯಂ ತಾಮ್ರದವು. ಬೆರಿಲಿಯಂ ಪುಡಿ ಶ್ವಾಸಕೋಶಕ್ಕೆ ವಿಷ, ಅದರ ಕಾಯಿಲೆಗೆ ಪೂರ್ತಿ ಗುಣವೆಂಬುದಿಲ್ಲ. ಒಣ ಅರೆಯುವುದು, ಗ್ರೈಂಡರ್ ಹಿಡಿಯುವುದು ಖಂಡಿತ ಬೇಡ. ನೀರಿನಲ್ಲಿ ಮುಳುಗಿಸಿಕೊಂಡು ಕೈಯಿಂದಲೇ ಅರೆಯಿರಿ, ಮುಖಗವಸು ಹಾಕಿರಿ, ಮಕ್ಕಳಿಗೆ ಈ ಕೆಲಸ ಕೊಡಬೇಡಿ. ಧೈರ್ಯವಿಲ್ಲದಿದ್ದರೆ ತಯಾರಾದ ಸ್ಟೀಲ್ ಇಲ್ಲವೇ ಪ್ಲಾಸ್ಟಿಕ್ ಪ್ರೊಪೆಲರ್ ಕೊಳ್ಳಿ.

ಈಗ ಮೋಟರ್

36 ಮಿ.ಮೀ. ವ್ಯಾಸ, 60ರಿಂದ 74 ಮಿ.ಮೀ. ಉದ್ದದ ಬ್ರಶ್‌ಲೆಸ್ ಮೋಟರ್, 2000 ಕೆವಿ ಹತ್ತಿರ. ಅಂಗಡಿಯಲ್ಲಿ 3660, 3674 ಎಂದು ಕೇಳಿದರೆ ಕೊಡುತ್ತಾರೆ. ಆದರೆ ಸೀಮಿತ ವರ್ಗಗಳಲ್ಲಿ ಅನುಮತಿ ಪಡೆದ ಮೋಟರನ್ನೇ ಬಳಸಬೇಕು, ಕೊಳ್ಳುವ ಮುಂಚೆ ಆ ಕ್ಲಬ್ಬಿನ ನಿಯಮ ಓದಿ. ಸ್ಪೀಡ್ ಕಂಟ್ರೋಲರ್ ನೀರಿನಿಂದ ತಂಪಾಗುವಂಥದ್ದು, 120 ಆಂಪಿಯರಿಗೆ ಕಡಿಮೆ ಬೇಡ, 150–180 ಇದ್ದರೆ ನಿಶ್ಚಿಂತೆ. ಬ್ಯಾಟರಿಯಿಂದ ಕಂಟ್ರೋಲರ್‌ಗೆ ಹೋಗುವ ತಂತಿ ಆದಷ್ಟು ಗಿಡ್ಡವಿರಲಿ. ಎರಡು ಒಡಲಿನ ಬ್ಯಾಟರಿಗೆ ಉದ್ದ ಬೇಕೇ ಆದರೆ ಕಂಟ್ರೋಲರಿನ ಬಳಿ ಕಡಿಮೆ ಒಳಪ್ರತಿರೋಧದ ಕೆಪಾಸಿಟರ್ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಪಾಸಿಟರ್, ಸಿಲಿಕೋನ್ ತಂತಿ, ಕನೆಕ್ಟರ್ ಎಲ್ಲ ಸಿಗುತ್ತವೆ.

ತಂಪು ನೀರು ಚುಕ್ಕಾಣಿಯ ರಂಧ್ರದಿಂದ ಹತ್ತಿ, ಮೊದಲು ಕಂಟ್ರೋಲರಿಗೆ, ಆಮೇಲೆ ಮೋಟರಿಗೆ ಹೋಗಿ ಪಕ್ಕದಿಂದ ಚಿಮ್ಮಲಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ದಡಕ್ಕೆ ಬಂದ ಕೂಡಲೇ ಮೋಟರ್ 70ಕ್ಕಿಂತ ಮೇಲಿದ್ದರೆ ಪ್ರೊಪೆಲರ್ ಇಳಿಸಿ.

ಬ್ಯಾಟರಿ 5000 ಎಂಎಎಚ್. ಅದರಲ್ಲಿ ಶೇಕಡ 80ಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಸರಾಸರಿ 80 ಆಂಪಿಯರ್ ಎಳೆದರೆ ಸಿಗುವುದು ಮೂರೇ ನಿಮಿಷ. ಕಾಲು ಮೈಲಿಯ ಆರು ಸುತ್ತನ್ನು ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡಿದರೆ ಬೇಕಾಗುವುದು ಎರಡೂವರೆ ನಿಮಿಷಕ್ಕೆ ತುಸು ಕಡಿಮೆ. ಆರಂಭಕ್ಕೆ ಮುಂಚಿನ ಅಡ್ಡಾಟವೂ ಸೇರಿದರೆ ಉಳಿಯುವುದು ಅಷ್ಟಕ್ಕಷ್ಟೆ. ಚಾರ್ಜ್ 5 ಆಂಪಿಯರಿನಲ್ಲಿ, ಬ್ಯಾಲೆನ್ಸ್ ತಂತಿ ಜೋಡಿಸಿ, ಎದುರಿಗೇ ಕೂತು ಮಾಡಿ. ವಾರಗಟ್ಟಲೆ ಇಡುವುದಾದರೆ ಪ್ರತಿ ಸೆಲ್ 3.8 ವೋಲ್ಟಿನಲ್ಲಿರಲಿ. ವಿದೇಶದಿಂದ ಊರಿಗೆ ತರುವವರು ನೆನಪಿಡಿ: ಬಿಡಿ ಲೈಪೊವನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ. 4ಎಸ್ 5000 ಪ್ಯಾಕ್ 74 ವ್ಯಾಟ್-ಗಂಟೆಯದು, ವಿಮಾನದ ಸಾಮಾನ್ಯ ಮಿತಿಯಾದ 100ರ ಒಳಗಿದೆ. ಕನೆಕ್ಟರಿಗೆ ಟೇಪ್ ಸುತ್ತಿ ಕೈಚೀಲದಲ್ಲಿ ತನ್ನಿ.

ರೇಡಿಯೊ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂದಿನ 2.4 ಗಿಗಾಹರ್ಟ್ಸ್ ಸೆಟ್‌ಗಳು ಸಾಕು. ಸಿಗ್ನಲ್ ತಪ್ಪಿದಾಗ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ. ರಿಸೀವರನ್ನು ಬಲೂನಿನೊಳಗೆ ಕಟ್ಟಿ. ಒಡಲಿನ ಮೂತಿಗಳಲ್ಲಿ ಫೋಮ್ ತುಂಬಿ, ಮುಚ್ಚಳದ ಸುತ್ತ ಟೇಪ್ ಅಂಟಿಸಿ. ಫೋಮ್ ಸಾಕಷ್ಟಿದೆಯೇ ಎಂದು ತಿಳಿಯಲು ಮುಚ್ಚಳ ತೆಗೆದು, ಎಲೆಕ್ಟ್ರಾನಿಕ್ಸ್ ಬದಲು ಅಷ್ಟೇ ತೂಕದ ಕಲ್ಲು ಇಟ್ಟು ದೋಣಿಯನ್ನು ಟಬ್ಬಿನಲ್ಲಿ ಮುಳುಗಿಸಲು ನೋಡಿ. ತೇಲಿದರೆ ಸರಿ.

ನೀರಿಗಿಳಿಸಿದ ದಿನ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ: ಸ್ಟ್ರಟ್ ಎತ್ತರ, ಕೋನ, ಬ್ಯಾಟರಿಯ ಜಾಗ, ಪ್ರೊಪೆಲರ್, ಬಿಸಿ, ಚಾರ್ಜ್ ಮಾಡುವಾಗ ಮರಳಿ ತುಂಬಿದ ಎಂಎಎಚ್. ಎರಡು ತಿರುಪು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಎದುರುಗಾಳಿ ಇದ್ದಾಗ ಪೂರ್ತಿ ವೇಗ ಕೊಡಬೇಡಿ, ಗಾಳಿಯ ವೇಗವೂ ದೋಣಿಯ ವೇಗಕ್ಕೆ ಸೇರಿ ಸುರಂಗವನ್ನು ಎತ್ತುತ್ತದೆ.

ಕಡೆಯದಾಗಿ ಜಾಗದ ಮಾತು. 70 ಕಿ.ಮೀ. ವೇಗದ ಎರಡು ಕೆ.ಜಿ. ದೋಣಿ, ಅದರ ತುದಿಯಲ್ಲಿ ಕತ್ತಿಯಂಥ ಪ್ರೊಪೆಲರ್, ಆಟದ ಸಾಮಾನಲ್ಲ. ನಮ್ಮ ಕೆರೆಗಳಲ್ಲಿ ಜನ ಬಟ್ಟೆ ಒಗೆಯುತ್ತಾರೆ, ದನ ಇಳಿಯುತ್ತವೆ, ಹಕ್ಕಿಗಳು ಗೂಡು ಕಟ್ಟುತ್ತವೆ. ಕೆರೆಯ ಉಸ್ತುವಾರಿ ಯಾರದೋ ಅವರ ಅನುಮತಿ ಪಡೆಯಿರಿ. ಹಕ್ಕಿಗಳಿರುವ, ಜನ ಇಳಿಯುವ ನೀರಿನಲ್ಲಿ ಅನುಮತಿ ಸಿಕ್ಕರೂ ಓಡಿಸಬೇಡಿ. ದೋಣಿಯನ್ನು ಎತ್ತಿಕೊಂಡ ಕೂಡಲೇ ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆರಿಸಿ. ನಡುನೀರಿನಲ್ಲಿ ದೋಣಿ ನಿಂತರೆ ಟೆನಿಸ್ ಚೆಂಡು ಕಟ್ಟಿದ ಗಾಳದ ದಾರ ಎಸೆದು ಎಳೆದುಕೊಳ್ಳಿ, ಇಲ್ಲವೇ ಗಾಳಿ ಅದನ್ನು ದಡಕ್ಕೆ ತರುವವರೆಗೆ ಕಾಯಿರಿ. ಹೂಳು, ಜೊಂಡು, ಆಳದ ಗುಂಡಿಗಳಿರುವ ಕೆರೆಯಲ್ಲಿ ದೋಣಿಗಾಗಿ ಈಜಲು ಇಳಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ.